ಹಳೆಯ ಕೈಪಿಡಿಯನ್ನು ರದ್ದುಪಡಿಸಿದ ವಿಷಯದ ಕುರಿತು

ಮಾನ್ಯ ಓದುಗರೇ,

ನನ್ನ ಮೇಜಿನ ಮೇಲಿರುವ ದೂರವಾಣಿಯು ಸದ್ದಿಲ್ಲದೆ ಇರುವಾಗ ನಾನು ಕಣ್ಣು ತೆರೆದುಕೊಂಡೇ ಕನಸು ಕಾಣುತ್ತೇನೆ ಎಂಬ ಅಂಶವನ್ನು ಮೊದಲಿಗೇ ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಇದು ನಾನು ಬರೆಯುತ್ತಿರುವ ಮೊದಲ ಪ್ರಬಂಧ. ಹೇಗೆ ಆರಂಭಿಸಬೇಕೆಂದು ತಿಳಿಯದೆ ಹಲವು ಹಾಳೆಗಳನ್ನು ಹರಿದ ತರುವಾಯ, ಹಿಂದೆ ಕಚೇರಿಯೊಂದರಲ್ಲಿ ಹಂಗಾಮಿ ಬೆರಳಚ್ಚುಗಾರನಾಗಿದ್ದಾಗ ಕೈಗೆ ಹತ್ತಿದ ಪತ್ರದ ಶೈಲಿಯೇ ಗಟ್ಟಿ ನೆಲವೆಂದು ತೋರಿ, ಅದರ ಮೇಲೆ ಕಾಲೂರಿದ್ದೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಕೊಳ್ಳೇಗಾಲದ ಪೇಟೆಯಲ್ಲಿ ರೇಷ್ಮೆ ನೂಲಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಕಚೇರಿ ಇರುತ್ತದೆ. ರೈತರ ಖರೀದಿ ಮಳಿಗೆಗಳಿಗೆ ಬೇಕಾದ ತಂತ್ರಾಂಶವು ಇಲ್ಲಿ ತಯಾರಾಗುತ್ತದೆ. ಹನೂರಿನಲ್ಲೊಂದು ಮಳಿಗೆ, ಯಳಂದೂರಿನಲ್ಲೊಂದು ಮಳಿಗೆ. ರೈತರು ಮುಸುಕಿನ ಜೋಳದ ಮೂಟೆ ತರುತ್ತಾರೆ, ತೂಕದ ಯಂತ್ರ ತೂಕ ಹೇಳುತ್ತದೆ, ಕಂಪ್ಯೂಟರು ಚೀಟಿ ಕೊಡುತ್ತದೆ. ಆ ತಂತ್ರಾಂಶವನ್ನು ಬರೆಯುವವರು ನನ್ನ ಸಹೋದ್ಯೋಗಿ ಸಿದ್ದರಾಜು. ಅದನ್ನು ಬಳಸುವ ಬಗೆಯನ್ನು ತಿಳಿಸುವ ಕೈಪಿಡಿಯನ್ನು ಬರೆಯುವವನು ನಾನು. ಇಬ್ಬರಿಗೂ ಸಂಬಳ ಕೊಡುವವರು ರೇಣುಕಾ ಮೇಡಂ. ಸಿದ್ದರಾಜುವಿನ ಕೆಲಸ ಏಕೆ ಬೇಕೆಂದು ಯಾರೂ ಕೇಳುವುದಿಲ್ಲ. ನನ್ನ ಕೆಲಸದ ಬಗ್ಗೆ ಆ ಪ್ರಶ್ನೆ ಕಚೇರಿಯ ಫ್ಯಾನಿನ ಹಾಗೆ ಸದಾ ತಲೆಯ ಮೇಲೆ ತಿರುಗುತ್ತಿರುತ್ತದೆ.

"ನೋಡಿ ಇವ್ರೇ," ಎಂದು ಮೇಡಂ ಒಂದು ದಿನ ನನ್ನನ್ನು ಕರೆದು ಹೇಳಿದ್ದರು, "ಮಳಿಗೆಯೋರು ಫೋನ್ ಮಾಡಿ ಮಾಡಿ ಸಿದ್ದರಾಜು ತಲೆ ತಿಂತಾರೆ. ಹೊಸ ರಿಲೀಸ್ ಆದ್ಮೇಲೂ ಹಿಂಗೇ ಫೋನ್ ಬರ್ತಿದ್ರೆ, ಕೈಪಿಡಿ ಬರೆಯೋಕೆ ಅಂತ ಒಬ್ರನ್ನ ಇಟ್ಕೊಳೋದು ನಂಗೂ ಕಷ್ಟ."

ಹೀಗಾಗಿ ನನ್ನ ಹುದ್ದೆಯು ಸದರಿ ದೂರವಾಣಿಯ ತಂತಿಗೆ ನೇತುಬಿದ್ದಿತು. ಅದು ರಿಂಗಣಿಸಿದರೆ ನಾನು ಸೋತಂತೆ, ರಿಂಗಣಿಸದಿದ್ದರೆ ಗೆದ್ದಂತೆ.

ಕೈಪಿಡಿ ಬರೆಯುವುದು ಹರಿಯುವ ನೀರಿನ ಮೇಲೆ ಬಿದ್ದ ಮೋಡದ ನೆರಳನ್ನು ನಕಲು ಮಾಡಿದಂತೆ. "ಪರದೆಯ ಬಲಭಾಗದ ಕೆಳಗಿರುವ ಹಸಿರು ಗುಂಡಿಯನ್ನು ಒತ್ತತಕ್ಕದ್ದು" ಎಂದು ನಾನು ಬೆಳಿಗ್ಗೆ ಬರೆದರೆ, ಊಟ ಮುಗಿಸಿ ಬರುವಷ್ಟರಲ್ಲಿ ಗುಂಡಿಯು ಮೇಲಕ್ಕೆ ಹೋಗಿ ನೀಲಿಯಾಗಿರುತ್ತದೆ. ಕೇಳಿದರೆ ಸಿದ್ದರಾಜು ತಲೆಯೆತ್ತದೆ, "ಅಲ್ಲೇ ಚೆನ್ನಾಗ್ ಕಾಣುತ್ತೆ ಬುಡಿ," ಎನ್ನುತ್ತಾರೆ. ಇಂತಹ ವೇಳೆ ನನಗೆ ಯಳಂದೂರಿನ ಕಡೆ ಕೆರೆ ಏರಿಯ ಬದಿಯಲ್ಲಿ ಕಂಡ ಶಾಸನದ ಕಲ್ಲೊಂದು ನೆನಪಾಗುತ್ತದೆ. ಅದನ್ನು ಕೊರೆದಾತನೂ ಒಂದು ಬಗೆಯಲ್ಲಿ ಕೈಪಿಡಿ ಬರೆದವನೇ: ಈ ಕೆರೆಯ ನೀರನ್ನು ಯಾರು ಬಳಸಬೇಕು, ಯಾರು ಕಾಯಬೇಕು ಎಂಬುದನ್ನು ಬರೆದು, ಮೇಲೆ ಸೂರ್ಯಚಂದ್ರರನ್ನು ಕೆತ್ತಿ, ಅವರು ಇರುವವರೆಗೆ ಈ ಮಾತು ಇರಲಿ ಎಂದು ಕೈ ತೊಳೆದುಕೊಂಡ. ಅವನಿಗೆ ಪರಿಷ್ಕೃತ ಆವೃತ್ತಿಯ ಚಿಂತೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆರೆಯ ತೂಬನ್ನು ಇನ್ನೊಂದು ಮೂಲೆಗೆ ಸರಿಸುವ ಸಿದ್ದರಾಜು ಅವನ ಊರಿನಲ್ಲಿ ಇರಲಿಲ್ಲ. ಆ ಕಲ್ಲಿನ ಮುಂದೆ ನಿಂತಾಗ ನನಗಾದದ್ದು ಭಕ್ತಿಯಲ್ಲ, ಅಸೂಯೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಇನ್ನು ನನ್ನ ಶೈಲಿ. "ಒತ್ತಿ" ಎಂದು ಬರೆಯಲು ನನಗೆ ಧೈರ್ಯ ಬರುವುದಿಲ್ಲ. "ಒತ್ತತಕ್ಕದ್ದು" ಎಂದರೆ ಬೆನ್ನಿಗೆ ಯಾರೋ ನಿಂತಂತಾಗುತ್ತದೆ. ಹನೂರಿನ ಮಳಿಗೆಯಲ್ಲಿ ಲೆಕ್ಕ ನೋಡಿಕೊಳ್ಳುವ ಪುಟ್ಟಮಾದಮ್ಮನವರಿಗೆ ಇದು ಬಹಳ ಹಿಡಿಸಿತ್ತು. ನನ್ನ ಕೈಪಿಡಿ ಬಸ್ಸಿನಲ್ಲಿ ತಲುಪಿದೊಡನೆ ಅದರ ಮೇಲೆ "ಸ್ವೀಕರಿಸಲಾಗಿದೆ" ಎಂಬ ಮೊಹರನ್ನು ಒತ್ತಿ, ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟುಕೊಂಡು, ಬೆರಳಿಟ್ಟು ಸಾಲು ಸಾಲಾಗಿ ಪಾಲಿಸುತ್ತಿದ್ದರು. ಕೈಪಿಡಿ ಬರೆಯುವವನಿಗೆ ಇಂತಹ ಓದುಗರು ಸಿಗುವುದು ಅಪರೂಪ. ನನ್ನ ಸಂಕಟವೂ ಅಲ್ಲಿಂದಲೇ ಆರಂಭವಾಯಿತು.

ಹೊಸ ಆವೃತ್ತಿ ಹೊರಡುವ ದಿನ ಬಂತು. ಪತ್ರ ವ್ಯವಹಾರದ ಪದ್ಧತಿಯಂತೆ, ಹೊಸ ಆದೇಶ ಹೊರಡಿಸುವ ಮುನ್ನ ಹಳೆಯದನ್ನು ರದ್ದುಪಡಿಸಬೇಕಷ್ಟೆ. ಆ ಪ್ರಕಾರ ನಾನು ಎರಡೂ ಮಳಿಗೆಗಳಿಗೆ ಮೊಬೈಲಿನಲ್ಲಿ ಸಂದೇಶ ಕಳುಹಿಸಿದೆ: "ಈಗಿರುವ ಕೈಪಿಡಿಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ಪರಿಷ್ಕೃತ ಕೈಪಿಡಿಯು ತಲುಪುವವರೆಗೆ ಕಾಯತಕ್ಕದ್ದು." ಮುದ್ರಿಸಿದ ಹೊಸ ಕೈಪಿಡಿಯನ್ನು ಲಕೋಟೆಯಲ್ಲಿಟ್ಟು ಹನೂರಿನ ಬಸ್ಸಿನ ಕಂಡಕ್ಟರಿಗೆ ಕೊಡಲು ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಸಿದ್ದರಾಜುವಿನ ಕೂಗು ಕೇಳಿಸಿತು. "ತಡೀರಿ, ತಡೀರಿ! ತೂಕದ ಪೇಜು, ಚೀಟಿ ಪೇಜು ಎರಡನ್ನೂ ಒಂದೇ ಮಾಡ್ಬುಟ್ಟೆ!" ಹೊಸ ತಂತ್ರಾಂಶವು ಆ ಕ್ಷಣಕ್ಕಾಗಲೇ ತಂತಿಯ ಮೂಲಕ ಎರಡೂ ಊರು ಸೇರಿಯಾಗಿತ್ತು. ನನ್ನ ಲಕೋಟೆ ಮಾತ್ರ ನನ್ನೊಡನೆ ಮತ್ತೆ ಮೆಟ್ಟಿಲು ಹತ್ತಿತು.

ತಿದ್ದಲು ಕುಳಿತೆ. ದೂರವಾಣಿಯ ಕಡೆ ಹೆದರುತ್ತಲೇ ನೋಡಿದೆ. ಅದು ರಿಂಗಣಿಸಲಿಲ್ಲ. ಮರುದಿನವೂ ರಿಂಗಣಿಸಲಿಲ್ಲ. ಕಿಟಕಿಯ ಆಚೆ ಯಾರೋ ತೊಳೆದು ಒಣಹಾಕಿದ್ದ ನೂಲಿನ ಲಡಿಗಳು ಗಾಳಿಗೆ ಮೆಲ್ಲಗೆ ತೂಗುತ್ತಿದ್ದವು. ನನ್ನ ಕೈಪಿಡಿಯ ಹಂಗೂ ಇಲ್ಲದಷ್ಟು ಸ್ಪಷ್ಟವಾದ ಲೋಕವೊಂದರಲ್ಲಿ ಎಲ್ಲರೂ ತಮ್ಮಷ್ಟಕ್ಕೆ ತಾವೇ ಸರಿಯಾದ ಗುಂಡಿಯನ್ನು ಒತ್ತುತ್ತಿರುವಂತೆ ಕಂಡಿತು. ಅವಸರವೇನಿಲ್ಲವೆಂದು ನಾನು ಒಂದೊಂದೇ ವಾಕ್ಯವನ್ನು ನಯಗೊಳಿಸುತ್ತ ಕುಳಿತೆ.

ಮನೆಯಲ್ಲಿಯೂ ಅದೇ ಮೌನ. ನಮ್ಮದು ನೇಕಾರರ ಬೀದಿ. ಮಗ್ಗದ ಮೇಲಿನ ಹಾಸು, ಅಂದರೆ ಸೀರೆಯ ಉದ್ದಕ್ಕೂ ಹೋಗುವ ಎಳೆಗಳು, ಮುಗಿಯುತ್ತ ಬಂದಿದ್ದವು. ಹಾಗೆ ಮುಗಿದಾಗ ಹಳೆಯ ಎಳೆಗಳನ್ನು ಮಗ್ಗದಿಂದ ಕಿತ್ತು ತೆಗೆಯುವುದಿಲ್ಲ. ತುದಿಗಳನ್ನು ಹಾಗೆಯೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಸೇರಿಸುತ್ತಾರೆ. ಹಳೆಯದು ಹೊಸದನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ. ಅವ್ವ ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಆ ಕೆಲಸಕ್ಕೆ ಕುಳಿತಿದ್ದಳು. ನಾನು ಕಾಫಿ ಕೇಳಿದ್ದಕ್ಕೆ, "ಅರ್ಧಕ್ಕ ಎಬ್ಬುಸ್ಬ್ಯಾಡ ಕನಪ್ಪ, ಎಳ ತಪ್ಪೋಯ್ತದ. ನೀನೇ ಕಾಸ್ಕೊ," ಎಂದಳು. ಕಾಸಿಕೊಂಡೆ. ನೋಡುತ್ತ ನಿಂತೆ. ಆದರೆ ಆ ದಿನ ನನಗೆ ಹೊಳೆದದ್ದು ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂಬುದು ಮಾತ್ರ.

ಮುಂದಿನ ಬೆಳಿಗ್ಗೆ ಮೇಡಂ ನಗುತ್ತ ಬಂದರು. "ಏನ್ರೀ, ಒಂದು ಫೋನೂ ಇಲ್ಲ! ನಿಮ್ಮ ಕೈಪಿಡಿ ಗೆದ್ದುಬಿಡ್ತು." ಆ ಕೈಪಿಡಿ ಇನ್ನೂ ನನ್ನ ಮೇಜಿನ ಮೇಲೇ ಇದೆ ಎಂದು ಹೇಳುವಷ್ಟರಲ್ಲಿ ಅವರು ತಮ್ಮ ಪರದೆಯನ್ನು ತೆರೆದರು. ನಗು ನಿಂತಿತು. ಯಳಂದೂರಿನ ಖರೀದಿ ಎಂದಿನಂತೆ ಸಾಗಿತ್ತು. ಹನೂರಿನಲ್ಲಿ, ನನ್ನ ಸಂದೇಶ ತಲುಪಿದ ಹೊತ್ತಿನಿಂದ, ಒಂದು ಮೂಟೆಯೂ ತೂಗಿರಲಿಲ್ಲ.

ಫೋನಿನ ಬಾಯಿಮಾತಿಗೆ ಪುಟ್ಟಮಾದಮ್ಮನವರು ಕದಲುವವರಲ್ಲವೆಂದು ತಿಳಿದಿದ್ದರಿಂದ, ಅರ್ಧ ತಿದ್ದಿದ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಹನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಲೆ ಮಹದೇಶ್ವರ ಬೆಟ್ಟದ ದಿಕ್ಕಿನಲ್ಲಿ ಮೋಡ ಕಪ್ಪಾಗುತ್ತಿತ್ತು. ಜೋಳ ನೆನೆದರೆ ಏನಾಗುತ್ತದೆಂದು ನನಗೂ ಗೊತ್ತು. ನನ್ನ ಹುದ್ದೆಯ ಚಿಂತೆ ಅದರ ಮುಂದೆ ಸಣ್ಣದಾಗಿ ಕಂಡಿತು.

ಮಳಿಗೆಯ ಮುಂದಿನ ನೋಟವನ್ನು ನಾನು ಮರೆಯಲಾರೆ. ಹುಣಸೆ ಮರದ ಕೆಳಗೆ ಟ್ರ್ಯಾಕ್ಟರುಗಳು ನಿಂತಿದ್ದವು. ಮೂಟೆಗಳ ಮೇಲೆ ಜನ ಮಲಗಿದ್ದರು, ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು, ಯಾರೂ ದನಿ ಎತ್ತರಿಸಿರಲಿಲ್ಲ. ಹಳೆಯ ಮಾತು ಸತ್ತು, ಹೊಸ ಮಾತು ಹುಟ್ಟುವ ಮುನ್ನಿನ ಬಿಡುವಿನಲ್ಲಿ ಒಂದು ಊರು ಹೀಗೂ ಇರಬಹುದೇ ಎನಿಸಿತು. ಯಾವ ಗುಂಡಿಯನ್ನೂ ಯಾರೂ ಒತ್ತಬೇಕಾಗಿಲ್ಲದ ಆ ನೆರಳಿನಲ್ಲಿ, ತಪ್ಪಿತಸ್ಥನಾದ ನನಗೂ ಒಂದು ಗಳಿಗೆ ಕುಳಿತುಕೊಳ್ಳಬೇಕೆನಿಸಿತು.

"ಯಾರ್ ಸಾ ನೀವು?" ಎಂದು ಅಜ್ಜೀಪುರದ ರೈತರೊಬ್ಬರು ಮೂಟೆಯ ಮೇಲಿಂದ ಕೇಳಿದರು. ಹೇಳಿದೆ. "ಓಹೋ! ಲೇ ಏಳ್ರುಲಾ, ಕಾಯ್ತಕ್ಕದ್ದು ಅಂದೋರು ಬಂದವ್ರ. ಒಳ್ಳೆ ನಿದ್ದ ಕೊಟ್ರಿ ಸಾ. ಆದ್ರ ಮೋಡ ನಿಮ್ ಕಾಯ್ದ ಕೇಳದಿಲ್ವಲ್ಲ, ಬಿರ್‌ಬಿರ್ನ ಏನಾರ ಮಾಡಿ."

ಒಳಗೆ ಪುಟ್ಟಮಾದಮ್ಮನವರು ಕೈ ಕಟ್ಟಿಕೊಂಡು ಕುಳಿತಿದ್ದರು.

"ಒಂದು ಫೋನ್ ಮಾಡಬಾರದಿತ್ತೇನಮ್ಮ?" ಎಂದೆ.

"ಯಾಕ್ ಸಾ ಮಾಡ್ಲಿ? ರದ್ದು ಅಂತ ಬರ್ದೋರು ನೀವು. ಕಾಯಿ ಅಂದೋರೂ ನೀವು. ರದ್ದಾದ್ ಮ್ಯಾಕ ಗುಂಡಿ ಒತ್ಬುಟ್ಟು, ನಾಳಿಕ ಆಡಿಟ್ನೋರು ಕೇಳುದ್ರ ನೀವು ಬಂದು ಯೋಳೀರಾ?"

"ಯಳಂದೂರಿನವರು ನಿಲ್ಲಿಸಲಿಲ್ಲವಲ್ಲ?"

"ಅವ್ರು ನಿಮ್ದು ಯಾವ್ದ ಓದಿದ್ದರು ಸಾ? ಅವ್ರ ಮೇಜು ಅಲ್ಲಾಡ್ತದ ಅಂತ ನಿಮ್ ಪುಸ್ತ್ಕನ ಕಾಲ್ಗ ಕೊಟ್ಟವ್ರ!"

ನನ್ನನ್ನು ಓದದವರ ಕೆಲಸ ಸುಗಮವಾಗಿ ನಡೆದಿತ್ತು. ಅಕ್ಷರ ಬಿಡದೆ ಓದಿದವರು ಮೋಡದ ಕೆಳಗೆ ನಿಂತಿದ್ದರು. ಇದಕ್ಕಿಂತ ಗಾಢವಾದ ವಿಷಾದವನ್ನು ಕೈಪಿಡಿಕಾರನೊಬ್ಬನು ಅನುಭವಿಸಲಾರನೆಂದು ಭಾವಿಸುತ್ತೇನೆ.

ಒಂದು ಬಿಳಿ ಹಾಳೆ ಕೇಳಿ ಪಡೆದು, "ರದ್ದತಿಯನ್ನು ಹಿಂಪಡೆಯಲಾಗಿದೆ" ಎಂದು ಬರೆದು ಸಹಿ ಮಾಡಿದೆ. ಅವರು ಮೊಹರು ಒತ್ತಿದ ಮೇಲೆಯೇ ಕೈ ಬಿಚ್ಚಿದರು. ಆದರೆ ಕಂಪ್ಯೂಟರಿನಲ್ಲಿದ್ದುದು ಹೊಸ ಪರದೆ, ಅವರ ಬೆರಳು ಇದ್ದುದು ಹಳೆಯ ಪುಟದ ಮೇಲೆ. ನಾನು ಪಕ್ಕದಲ್ಲಿ ಕುಳಿತೆ. ಅವರು ಹಳೆಯ ಸಾಲನ್ನು ಗಟ್ಟಿಯಾಗಿ ಓದುವುದು, ಅದು ಈಗ ಎಲ್ಲಿಗೆ ಹೋಗಿದೆಯೆಂದು ನಾನು ತೋರಿಸುವುದು, ಅವರು ಒತ್ತುವುದು. ಹಾಗೆ ಒಂದೊಂದೇ ಸಾಲು. ಎಷ್ಟೋ ಸಾಲು ಕಳೆದ ಮೇಲೆ ನನಗೆ ಬೂದಿ ಮೆತ್ತಿದ ಬೆರಳುಗಳು ಕಂಡವು. ಅವ್ವ ಮಗ್ಗದ ಮುಂದೆ ಮಾಡುತ್ತಿದ್ದುದನ್ನೇ ನಾವಿಬ್ಬರೂ ಮಾಡುತ್ತಿದ್ದೆವು. ಹೊರಗೆ ತೂಕದ ಯಂತ್ರ ಕೂಗಿತು. ಕೊನೆಯ ಮೂಟೆ ಒಳಗೆ ಬರುವಾಗ ಅದರ ಚೀಲದ ಮೇಲೆ ದಪ್ಪ ಹನಿಗಳ ಗುರುತಿತ್ತು, ಜೋಳ ನೆನೆದಿರಲಿಲ್ಲ.

ಮರುದಿನ ಕಚೇರಿಯಲ್ಲಿ ಎರಡು ತೀರ್ಮಾನಗಳಾದವು. ಕೈಪಿಡಿಯ ಪುಟಗಳೂ ತಂತ್ರಾಂಶವೂ ಇನ್ನು ಒಂದೇ ಕಡತದಲ್ಲಿ ಇರತಕ್ಕದ್ದು. ಪುಟ ತಿದ್ದದೆ ಗುಂಡಿ ಸರಿಯತಕ್ಕದ್ದಲ್ಲ. ಸಿದ್ದರಾಜು ಗೊಣಗಿದರು, ಆದರೆ ಒಪ್ಪಿದರು. ಇನ್ನೊಂದು, ಹೊಸ ಕೈಪಿಡಿಯ ಮೊದಲ ಪುಟದಲ್ಲಿ ನಾನು ಸೇರಿಸಿದ ಸಾಲು: "ಇದು ತಲುಪಿ, ಓದಿ, ಅರ್ಥವಾಯಿತೆಂದು ತಾವು ದೂರವಾಣಿಯಲ್ಲಿ ತಿಳಿಸುವವರೆಗೆ ಹಳೆಯದೇ ಜಾರಿಯಲ್ಲಿರುತ್ತದೆ." ನನ್ನ ಹುದ್ದೆಯ ವಿಷಯ ಮಾತ್ರ ತೀರ್ಮಾನವಾಗದೆ ಉಳಿಯಿತು. ಲಕೋಟೆಗಳು ಬಸ್ಸು ಹತ್ತಿದವು. ನಾನು ದೂರವಾಣಿಯನ್ನು ನೋಡುತ್ತ ಕುಳಿತೆ, ಈ ಬಾರಿ ಅದು ರಿಂಗಣಿಸಲೆಂದು.

ರಿಂಗಣಿಸಿತು. ಮೇಡಂ ತಟ್ಟನೆ ತಲೆ ಎತ್ತಿದರು.

"ಬಂತು ಕನ್ ಸಾ ನಿಮ್ ಪುಸ್ತ್ಕ," ಎಂದಿತು ಪುಟ್ಟಮಾದಮ್ಮನವರ ದನಿ. "ಪೂರಾ ಓದ್ದಿ, ಗೊತ್ತಾಯ್ತು. ಈಗ ಹಳೇದ ಬುಟ್ಬುಡ್ಲಾ?"

"ಬಿಡಿ ಅಮ್ಮ."

"ಬೀರುಲಿ ಮಡಿಕತ್ತೀನಿ ಸಾ. ಬಿಸಾಕಕ್ಕ ಮನಸ್ ಬರದಿಲ್ಲ."

ದೂರವಾಣಿ ಇಟ್ಟೆ. "ಏನಂತೆ ಕಂಪ್ಲೇಂಟು?" ಎಂದರು ಮೇಡಂ.

"ಕಂಪ್ಲೇಂಟಲ್ಲ ಮೇಡಂ. ಓದಿದ್ದೇವೆ ಅಂತ ಸ್ವೀಕೃತಿ."

ಅವರು ತಮ್ಮ ಪರದೆಯಲ್ಲಿ ಎರಡೂ ಮಳಿಗೆಗಳ ಖರೀದಿಯನ್ನು ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿ, "ಮತ್ತೆ ಯಳಂದೂರಿಂದ ಯಾಕೆ ಇನ್ನೂ ಫೋನೇ ಬಂದಿಲ್ಲ? ವಿಚಾರಿಸಿ. ಇನ್ಮೇಲೆ ಪ್ರತಿ ರಿಲೀಸಿಗೂ ಇದು ನಿಮ್ಮದೇ ಕೆಲಸ," ಎಂದರು.

ಲಿಖಿತ ಆದೇಶ ಇಂದಿನವರೆಗೂ ಬಂದಿಲ್ಲ. ಆ ಮಾತನ್ನೇ ಆದೇಶವೆಂದು ಸ್ವೀಕರಿಸಿ ಯಳಂದೂರಿನ ಸಂಖ್ಯೆಯನ್ನು ಒತ್ತಿದೆ. ಅತ್ತ ಕಡೆ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನನಗೆ ಬೇಸರವಾಗಲಿಲ್ಲ. ಯಾವುದೋ ಅಲ್ಲಾಡದ ಮೇಜಿನ ಮೇಲೆ ಆ ದೂರವಾಣಿ ಕೂಗುತ್ತಿದೆ, ಆ ಮೇಜಿನ ಕಾಲ ಕೆಳಗೆ ನನ್ನ ಹಳೆಯ ವಾಕ್ಯಗಳು ಭಾರ ಹೊತ್ತು ನಿಂತಿವೆ ಎಂದು ಊಹಿಸುತ್ತ, ರಿಸೀವರನ್ನು ಕಿವಿಗೆ ಹಿಡಿದೇ ಇದ್ದೆ.