ಅತ್ತೆ ಒತ್ತಿ ಹಿಡಿದ ಸ್ಪ್ರಿಂಗು

ಅತ್ತೆ ಬಂದು ಇನ್ನೂ ಒಂದು ವಾರ ತುಂಬಿರಲಿಲ್ಲ, ನಮ್ಮ ಫ್ರಿಜ್ಜಿನ ಬಾಗಿಲಿನಲ್ಲಿ ನೀರು ಬರುವ ಜಾಗದ ಲಿವರ್ ಮುರಿಯಿತು. ಸೌದಿಯ ಜಿದ್ದಾದ ಅಜೀಜಿಯಾ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟು. ಗಂಡನಿಗೆ ಯಾನ್ಬುವಿನ ಕಾರ್ಖಾನೆಯಲ್ಲಿ ಕೆಲಸ. ಗುರುವಾರ ಸಂಜೆ ಬಂದರೆ ಶನಿವಾರ ಹೊರಟುಬಿಡುತ್ತಾರೆ. ಉಳಿದ ದಿನಗಳಲ್ಲಿ ಮನೆಯಲ್ಲಿ ನಾನು ಮತ್ತು ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ, ಇಬ್ಬರೇ.

ಆ ಫ್ರಿಜ್ಜಿಗೆ ನಲ್ಲಿಯ ಸಂಪರ್ಕವಿಲ್ಲ. ಬಾಗಿಲಿನ ಒಳಮೈಯಲ್ಲಿ ಒಂದು ಪ್ಲಾಸ್ಟಿಕ್ ಟ್ಯಾಂಕು ಕೂತಿದೆ. ಕುಡಿಯುವ ನೀರಿನ ಕ್ಯಾನಿನಿಂದ ಅದನ್ನು ತುಂಬಿಸಿಟ್ಟರೆ ಸಾಕು. ಹೊರಗಡೆಯ ಲಿವರಿಗೆ ಲೋಟ ಒತ್ತಿದಾಗ ತಣ್ಣನೆಯ ನೀರು ಬೀಳುತ್ತದೆ. ಬಾಗಿಲು ತೆರೆಯದೆ ನೀರು ಸಿಗುವುದು ಅತ್ತೆಗೆ ಬಹಳ ಹಿಡಿಸಿತ್ತು. ಬಾಯಾರಿಕೆ ಇರಲಿ ಇಲ್ಲದಿರಲಿ, ಅಡುಗೆಮನೆಗೆ ಹೋದಾಗಲೆಲ್ಲ ಒಂದು ಗುಟುಕು ಕುಡಿದು ಬರುತ್ತಿದ್ದರು.

ಆ ಮಧ್ಯಾಹ್ನ ಲೋಟ ಕೈಗೆ ಸಿಗಲಿಲ್ಲವೆಂದು ದೊಡ್ಡ ಸ್ಟೀಲಿನ ಚೊಂಬನ್ನೇ ಒತ್ತಿದ್ದಾರೆ. ಬಟ್ಟೆ ಮಡಚುತ್ತಿದ್ದ ನನಗೆ ಟಕ್ಕೆಂದು ಸದ್ದು ಕೇಳಿತು. ಅದರ ಹಿಂದೆಯೇ ಅತ್ತೆಯ ಕೂಗು: "ಇದು ನಿಲ್ಲುವುದೇ ಇಲ್ಲ ಮಾರಾಯ್ತಿ! ಬೇಗ ಬಾ!"

ಲಿವರ್ ಮುರಿದು ನೆಲಕ್ಕೆ ಬಿದ್ದಿತ್ತು. ಅದರ ಒಂದು ಚೂರು ಒಳಗೆ ಸಿಕ್ಕಿಕೊಂಡು ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ನಾನು ಬಾಗಿಲು ತೆರೆದು ಟ್ಯಾಂಕನ್ನು ಮೇಲಕ್ಕೆತ್ತಿ ಸಿಂಕಿನಲ್ಲಿ ಇಟ್ಟೆ. ಅತ್ತೆ ತಮ್ಮ ಸೀರೆಯ ನೆರಿಗೆ ಒದ್ದೆಯಾದದ್ದನ್ನೂ ಲೆಕ್ಕಿಸದೆ ನೆಲ ಒರೆಸತೊಡಗಿದರು.

ರಾತ್ರಿಯ ಊಟದ ಹೊತ್ತಿಗೆ ಇವರ ಫೋನು ಬಂತು. ವಿಷಯ ಹೇಳಿದೆ.

"ನೀನು ಎಂತದೂ ಮುಟ್ಟಲಿಕ್ಕೆ ಹೋಗಬೇಡ. ಗುರುವಾರ ನಾನು ಬಂದು ಮೆಕ್ಯಾನಿಕನ್ನು ಕರೆಸುತ್ತೇನೆ" ಎಂದರು.

ಫೋನು ಸ್ಪೀಕರಿನಲ್ಲಿತ್ತು. ಅತ್ತೆ ತಟ್ಟೆ ಎತ್ತಿಕೊಂಡು ಎದ್ದುಹೋದರು.

ಮರುದಿನದಿಂದ ಅತ್ತೆ ಬೇರೆಯೇ ಆದರು. ಬಾಟಲಿಯಲ್ಲಿ ತಣ್ಣೀರು ಇಟ್ಟುಕೊಟ್ಟರೆ, "ಬೇಡ, ನನಗೆ ಗಂಟಲು ಹಿಡಿಯುತ್ತದೆ" ಎಂದರು. ಟಿವಿ ಹಾಕಲು ನನ್ನನ್ನು ಕರೆದರು. ವಾಷಿಂಗ್ ಮೆಷಿನ್ ಬಿಟ್ಟು ಬಟ್ಟೆಯನ್ನು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಕೈಯಲ್ಲೇ ಒಗೆದರು. ಸ್ವಂತ ಮನೆಯಲ್ಲಿ ಎಲ್ಲರಿಗೂ ಹೇಳಿ ಮಾಡಿಸುವ ಹೆಂಗಸು, ಮಗನ ಮನೆಯಲ್ಲಿ ಯಾವ ಸ್ವಿಚ್ಚಿಗೂ ಕೈ ಹಾಕದೆ ನೆಂಟರ ಹಾಗೆ ಕೂತಿದ್ದರು. ಮುರಿದ ಲಿವರಿಗಿಂತ ನನಗೆ ಅದನ್ನೇ ಸಹಿಸಲಾಗಲಿಲ್ಲ. ಗುರುವಾರದವರೆಗೆ ಕಾಯುವುದು ಬೇಡವೆಂದು ತೀರ್ಮಾನಿಸಿದೆ.

ನನಗೆ ಸ್ಕ್ರೂಡ್ರೈವರ್ ಹೊಸದಲ್ಲ. ನನ್ನ ಅಮ್ಮ ಟೈಲರಿಂಗ್ ಮಾಡುತ್ತಿದ್ದರು. ಹೊಲಿಗೆ ಮೆಷಿನ್ ಹಟ ಹಿಡಿದಾಗ ಅದನ್ನು ಬಿಚ್ಚಿ, ನೂಲಿನ ಕಸ ತೆಗೆದು, ಎಣ್ಣೆ ಬಿಟ್ಟು ಮತ್ತೆ ಜೋಡಿಸುತ್ತಿದ್ದವಳು ನಾನೇ. ಬಿಚ್ಚಿದ ಕ್ರಮದಲ್ಲೇ ಎಲ್ಲವನ್ನೂ ಬಟ್ಟೆಯ ಮೇಲೆ ಸಾಲಾಗಿ ಇಡಬೇಕೆಂಬುದು ಆಗ ಕಲಿತದ್ದು. ಫ್ರಿಜ್ಜಿನ ಮುಂದಿನ ಮುಚ್ಚಳವನ್ನೂ ಹಾಗೆಯೇ ಬಿಚ್ಚಿದೆ. ಒಳಗೆ ಅಂಥ ಗುಟ್ಟೇನೂ ಇರಲಿಲ್ಲ: ಲಿವರ್, ಅದನ್ನು ಹಿಂದಕ್ಕೆ ತಳ್ಳುವ ಸಣ್ಣ ಸ್ಪ್ರಿಂಗು, ಎರಡನ್ನೂ ಹಿಡಿದಿಡುವ ಒಂದು ಕಡ್ಡಿ. ಸ್ಪ್ರಿಂಗೂ ಕಡ್ಡಿಯೂ ಗಟ್ಟಿಯಾಗಿಯೇ ಇದ್ದವು.

ಇಳಿಹೊತ್ತಿನ ಅಸರ್ ನಮಾಜು ಮುಗಿದು ಅಂಗಡಿಗಳು ತೆರೆದ ಮೇಲೆ, ಮುರಿದ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯಾತ ಪಾಕಿಸ್ತಾನದವನು. ತುಂಡುಗಳನ್ನು ನೋಡಿ ಉರ್ದುವಿನಲ್ಲಿ, "ಬಾಜಿ, ಇದು ಬಿಡಿಯಾಗಿ ಸಿಗುವುದಿಲ್ಲ. ನಿಮ್ಮ ಯಜಮಾನರನ್ನು ಕಳಿಸಿ, ಅವರಿಗೆ ವಿವರಿಸುತ್ತೇನೆ" ಎಂದ.

"ಜೋಡಿಸುವುದು ನಾನು. ನನಗೇ ವಿವರಿಸಿ" ಎಂದೆ. "ಇದೇ ಅಳತೆಯ ಬೇರೆ ಯಾವ ಲಿವರ್ ಇದ್ದರೂ ತೋರಿಸಿ."

ಅವನು ನಕ್ಕು, ಒಂದು ಡಬ್ಬಿಯನ್ನು ನನ್ನ ಮುಂದೆ ಸುರಿದ. ಒಂದೊಂದನ್ನೇ ನನ್ನ ಮುರುಕು ತುಂಡಿನ ಪಕ್ಕಕ್ಕೆ ಹಿಡಿದು ನೋಡಿದೆ. ಬೂದು ಬಣ್ಣದ ಒಂದಕ್ಕೆ ಕಡ್ಡಿಯ ತೂತೂ ಉದ್ದವೂ ಸರಿಹೊಂದಿದವು. ನಮ್ಮ ಫ್ರಿಜ್ಜು ಬಿಳಿ. ಬಣ್ಣ ಬೇರೆಯಾದರೆ ನೀರೇನೂ ಬರದೆ ಇರುವುದಿಲ್ಲವೆಂದು ಅದನ್ನೇ ಕೊಂಡೆ.

ಮನೆಗೆ ಬಂದು ಜೋಡಿಸಲು ಕೂತಾಗ ಒಂದು ತೊಡಕು ಎದುರಾಯಿತು. ಸ್ಪ್ರಿಂಗನ್ನು ಒತ್ತಿ ಹಿಡಿದಿದ್ದಾಗಲೇ ಕಡ್ಡಿಯನ್ನು ತೂರಿಸಬೇಕು. ನನ್ನ ಒಂದು ಕೈ ಲಿವರಿಗೆ, ಇನ್ನೊಂದು ಕಡ್ಡಿಗೆ. ಎರಡು ಸಲ ಸ್ಪ್ರಿಂಗು ಹಾರಿ ಸ್ಟೌವಿನ ಅಡಿಗೆ ಹೋಯಿತು.

"ಅತ್ತೆ, ಸ್ವಲ್ಪ ಇಲ್ಲಿ ಬನ್ನಿ. ಇದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಹಿಂದೆ ಸರಿದರು. "ನನ್ನನ್ನು ಕರೆಯಬೇಡ. ನನ್ನ ಕೈ ತಾಗಿದರೆ ಇದೂ ಮುರಿದೀತು."

"ಮುರಿದರೆ ನಾಳೆ ಇನ್ನೊಂದು ತರುವ. ಅಂಗಡಿ ಎಲ್ಲಿ ಅಂತ ಈಗ ಗೊತ್ತುಂಟಲ್ಲ. ನೀವು ಹಿಡಿಯಿರಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತರು. ಕೊಬ್ಬರಿ ತುರಿದು, ಮೀನು ಕೊಯ್ದು ಗಟ್ಟಿಯಾದ ಹೆಬ್ಬೆರಳು; ಸ್ಪ್ರಿಂಗು ಅದರಡಿ ಅಲುಗಲಿಲ್ಲ. ನಾನು ಕಡ್ಡಿ ತೂರಿಸಿದೆ. ಲಿವರ್ ತನ್ನ ಜಾಗದಲ್ಲಿ ಕೂತಿತು.

ಟ್ಯಾಂಕು ತುಂಬಿಸಿ ಇಟ್ಟರೆ ಕೆಳಗೆ ತೊಟ್ಟಿಕ್ಕತೊಡಗಿತು. ಅತ್ತೆ ಬಗ್ಗಿ ನೋಡಿ, "ರಬ್ಬರು ಮಡಚಿ ಕೂತಿದೆ ಕಾಣು. ಕುಕ್ಕರಿನದ್ದೂ ಹೀಗೇ ಆಗುವುದು" ಎಂದರು. ಟ್ಯಾಂಕಿನ ಅಡಿಯ ರಬ್ಬರ್ ಉಂಗುರವನ್ನು ತಾವೇ ತೆಗೆದು, ಒರೆಸಿ, ಸರಿಯಾಗಿ ಕೂರಿಸಿದರು. ತೊಟ್ಟಿಕ್ಕುವುದು ನಿಂತಿತು.

ಗುರುವಾರ ಇವರು ಯಾನ್ಬುವಿನಿಂದ ಹೊರಡುವ ಮೊದಲು ಫೋನು ಮಾಡಿದರು. ತೆಗೆದದ್ದು ಅತ್ತೆ.

"ಮೆಕ್ಯಾನಿಕ್ ಎಂತಕ್ಕೆ? ನಾವೇ ಹಾಕಿ ಆಯಿತು" ಎಂದರು. ಆ ಕಡೆಯಿಂದ ಏನು ಉತ್ತರ ಬಂತೋ, "ಬಣ್ಣ ಸ್ವಲ್ಪ ಬೇರೆ, ಅಷ್ಟೇ. ನೀನು ಬಂದು ಅದನ್ನು ಬಿಚ್ಚಲಿಕ್ಕೆ ಹೋಗಬೇಡ" ಎಂದು ಫೋನು ಇಟ್ಟರು. ಮತ್ತೆ ನನ್ನ ಕಡೆ ತಿರುಗಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನು ಕರಕರ ಎನ್ನುತ್ತದೆ, ನಾಳೆ ಅದನ್ನೊಂದು ಬಿಚ್ಚಿ ನೋಡುವ ಎಂದರು.