ಇಂಗಾಲಕ್ಕೆ ನಾಲ್ಕೇ ಕೈ

ಸಾಗರದ ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂದದ್ದು ಎಂಬತ್ತಾರನೆಯ ಇಸವಿಯಲ್ಲಿ. ಅದಕ್ಕಾಗಿ ಒಂದು ಕೋಣೆಗೆ ಸುಣ್ಣ ಬಳಿಸಿ, ಕಿಟಕಿಗೆ ಪರದೆ ಹಾಕಿಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬಾಗಿಲ ಮೇಲೆ ಬರೆಸಿದ್ದರು. ಬೀಗದ ಕೈ ಪ್ರಿನ್ಸಿಪಾಲ್ ಮುಕುಂದಯ್ಯನವರ ಜೇಬಿನಲ್ಲಿರುತ್ತಿತ್ತು. ಯಾರೂ ಮುಟ್ಟದಿದ್ದರೆ ಕೆಡುವುದಿಲ್ಲ ಎಂಬುದು ಅವರ ನಂಬಿಕೆ. ಹಾಗಾಗಿ ವರ್ಷಗಟ್ಟಲೆ ಅದು ಬಟ್ಟೆ ಹೊದ್ದುಕೊಂಡೇ ಕುಳಿತಿತ್ತು.

ಆ ಬಟ್ಟೆ ತೆಗೆಸಿದವಳು ಮಂಗಳಗೌರಿ. ಹುಂಚದ ಕಡೆಯವಳು, ನಮ್ಮಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ನಾನು ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಗೌರಿ ಸ್ಟಾಫ್ ರೂಮಿನ ಹರಟೆಗೆ ಸೇರುವವಳಲ್ಲ. ಯೋಚನೆಗೆ ಬಿದ್ದಳೆಂದರೆ ಎದುರಿಗಿದ್ದ ಕಾಫಿ ಆರಿಹೋಗುತ್ತಿತ್ತು. ವಜ್ರದೊಳಗೆ ಇಂಗಾಲದ ಪರಮಾಣುಗಳು ಹೇಗೆ ಕೂತಿವೆ ಎಂಬುದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳ ಕಣ್ಣಿಗೆ ಅದು ಹಪ್ಪಳದ ಹಾಗೆ ಚಪ್ಪಟೆಯಾಗಿಯೇ ಕಾಣುತ್ತದೆ ಎಂಬುದು ಅವಳ ಸಂಕಟ. ಜೇಡಿಮಣ್ಣಿನ ಉಂಡೆಗೆ ಪೊರಕೆಯ ಹಿಡಿಕಡ್ಡಿ ಚುಚ್ಚಿ ತೋರಿಸಿದಳು. ಪಾಠ ಮುಗಿಯುವುದರೊಳಗೆ ಅದು ಕುಸಿಯಿತು.

ಮುಕುಂದಯ್ಯನವರನ್ನು ಕಾಡಿ ಬೇಡಿ ಕೋಣೆ ತೆರೆಸಿದಳು. ಬೇಸಿಗೆ ರಜೆಯೆಲ್ಲ ಕೂತು ಒಂದು ಪ್ರೋಗ್ರಾಂ ಬರೆದಳು. ಯಾವ ಧಾತುವಿನ ಪರಮಾಣು, ಅದು ಎಲ್ಲಿರಬೇಕು ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಅಲ್ಲೊಂದು ಗುಂಡು ಮೂಡುತ್ತಿತ್ತು. ಹತ್ತಿರವಿರುವ ಗುಂಡುಗಳ ನಡುವೆ ಕಂಪ್ಯೂಟರ್ ತಾನೇ ಗೆರೆ ಎಳೆಯುತ್ತಿತ್ತು. ಕೀಲಿ ಒತ್ತಿದರೆ ಇಡೀ ರಚನೆ ನಿಧಾನವಾಗಿ ತಿರುಗುತ್ತಿತ್ತು. ಮೊದಲ ಸಲ ವಜ್ರ ತಿರುಗಿದಾಗ ನಾನು ಪರದೆಯ ಹತ್ತಿರಕ್ಕೆ ಬಗ್ಗಿದೆ. ಎಷ್ಟೋ ವರ್ಷದಿಂದ ಪಾಠ ಮಾಡುತ್ತಿದ್ದ ವಸ್ತುವಿನ ಬೆನ್ನನ್ನು ನಾನು ಅಂದೇ ಕಂಡದ್ದು.

ಅಷ್ಟರಲ್ಲಿ ಬೆಂಗಳೂರಿನಿಂದ ಸಮಿತಿ ಬರುವ ಸುದ್ದಿ ಬಂತು. ಕಂಪ್ಯೂಟರುಗಳನ್ನು ಸುಮ್ಮನೆ ಇಟ್ಟುಕೊಂಡ ಕಾಲೇಜುಗಳಿಂದ ಅವನ್ನು ಬೇರೆಡೆಗೆ ಸಾಗಿಸುತ್ತಾರಂತೆ. ಮುಕುಂದಯ್ಯನವರ ಮುಖ ಬಾಡಿತು. ಸಮಿತಿ ಬರುವ ಹಿಂದಿನ ದಿನ ಮಧ್ಯಾಹ್ನ ಅವರೇ ಬಂದು ಗೌರಿಯ ಬೆನ್ನ ಹಿಂದೆ ನಿಂತರು.

"ವಜ್ರ ಗಿಜ್ರ ಇರ್ಲಿ. ಅಡಿಗೆ ಉಪ್ಪು ತೋರ್ಸಿ. ಅದಾದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ."

ಗೌರಿ ಉಪ್ಪನ್ನು ಕಟ್ಟಿದಳು. ಗುಂಡುಗಳು ಬಂದವು, ಗೆರೆಗಳು ಬರಲಿಲ್ಲ. ಉಪ್ಪಿನಲ್ಲಿ ಪರಮಾಣುಗಳ ನಡುವಿನ ದೂರ ಹೆಚ್ಚು. ಎಷ್ಟು ದೂರದವರೆಗೆ ಗೆರೆ ಎಳೆಯಬೇಕೆಂದು ಪ್ರೋಗ್ರಾಮಿನಲ್ಲಿ ಇದ್ದ ಮಿತಿಯನ್ನು ಅವಳು ಹಿಗ್ಗಿಸಿದಳು. ಉಪ್ಪು ಚೌಕ ಚೌಕವಾಗಿ ಚೆಂದ ಮೂಡಿತು. ಮುಕುಂದಯ್ಯನವರು ಸಮಾಧಾನದಿಂದ ಉಸಿರು ಬಿಟ್ಟರು.

ಮತ್ತೆ ವಜ್ರವನ್ನು ತೆರೆದಾಗ ಗೌರಿಯ ಕೈ ನಿಂತುಹೋಯಿತು. ಮಿತಿ ದೊಡ್ಡದಾದ್ದರಿಂದ ಇಂಗಾಲದ ಪರಮಾಣುಗಳು ಪಕ್ಕದವನ್ನಷ್ಟೇ ಅಲ್ಲ, ಆಚೆಯವನ್ನೂ ಹಿಡಿದುಕೊಂಡಿದ್ದವು. ಪರದೆಯ ತುಂಬ ಮುಳ್ಳುಪೊದೆಯಂತೆ ಗೆರೆಗಳು.

"ಇದು ಮೊದಲಿಗಿಂತ ಜೋರಾಗಿ ಕಾಣುತ್ತಲ್ಲ," ಎಂದರು ಮುಕುಂದಯ್ಯ.

"ಇದು ತಪ್ಪು ಸಾರ್. ಇಂಗಾಲಕ್ಕೆ ನಾಲ್ಕೇ ಕೈ."

"ನೋಡೋಕೆ ಬರೋರು ಕೈ ಎಣಿಸ್ತಾ ಕೂರ್ತಾರಾ?"

"ಮಕ್ಕಳು ಎಣಿಸ್ತಾರೆ."

ಒಂದೊಂದು ಧಾತುವಿಗೂ ಅದರದೇ ಗಾತ್ರ ಕೊಟ್ಟು, ಆ ಗಾತ್ರದ ಪ್ರಕಾರ ಗೆರೆ ಎಳೆಯುವಂತೆ ಮಾಡಬೇಕು, ಅದಕ್ಕೆ ಪ್ರೋಗ್ರಾಮಿನ ಅರ್ಧ ಭಾಗ ಬಿಚ್ಚಬೇಕು ಎಂದಳು. ಮುಕುಂದಯ್ಯನವರ ದನಿ ಗಡುಸಾಯಿತು.

"ಬಿಚ್ಚಿದ್ದು ನಾಳೆ ಕೂಡದಿದ್ರೆ? ಮಷೀನು ಹೋದ್ರೆ ಜವಾಬ್ದಾರಿ ಯಾರದು? ಇನ್ನು ಇದನ್ನ ಮುಟ್ಬೇಡಿ." ಕೋಣೆಗೆ ಬೀಗ ಬಿತ್ತು.

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಬರುವಾಗ ಗೌರಿ ಪ್ರಿನ್ಸಿಪಾಲರ ಕೋಣೆಯೆದುರು ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಮುಕುಂದಯ್ಯನವರು ಬಂದ ಕೂಡಲೇ, "ತಪ್ಪು ಅಂತ ಗೊತ್ತಿದ್ದೂ ನಾನದನ್ನ ತೋರ್ಸೋದಿಲ್ಲ ಸಾರ್. ಕೀ ಕೊಡದಿದ್ರೆ ಅವರಿಗೆ ನೀವೇ ತೋರ್ಸಿ," ಎಂದಳು. ಅವಳು ಅವರೆದುರು ಹಾಗೆ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅವರು ಬೀಗದ ಕೈಯನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟು ಒಳಗೆ ಹೋದರು.

ಗೌರಿ ಟೈಪ್ ಮಾಡತೊಡಗಿದಳು. ಧಾತುಗಳ ಗಾತ್ರಗಳನ್ನು ಪುಸ್ತಕ ನೋಡಿ ನಾನು ಓದಿಹೇಳುತ್ತಿದ್ದೆ. ಬದಲಾವಣೆ ಮುಗಿಯುತ್ತ ಬಂದಿತ್ತು. ಆಗ ಸ್ಟೆಬಿಲೈಜರ್ ಟಕ್ಕೆಂದಿತು, ಪರದೆ ಕಪ್ಪಾಯಿತು. ಕರೆಂಟು ಹೋಗಿತ್ತು.

"ಫ್ಲಾಪಿಗೆ ಹಾಕಿ ಉಳಿಸಿದ್ಯಾ?" ಎಂದೆ.

ಅವಳು ತಲೆಯಾಡಿಸಿದಳು, ಇಲ್ಲವೆಂದು. ಅವಳ ಗಂಡ ಸುಂದರೇಶ ಕಾರ್ಗಲ್ಲಿನಲ್ಲಿ ವಿದ್ಯುತ್ ಯೋಜನೆಯ ನೌಕರ. ನಾಡಿಗೆಲ್ಲ ಕರೆಂಟು ಕೊಡುವವನ ಹೆಂಡತಿ ಎಂದು ನಾವು ಅವಳನ್ನು ಛೇಡಿಸುವುದಿತ್ತು. ಅಂದು ಅದು ನಾಲಿಗೆಗೆ ಬರಲಿಲ್ಲ. ಕರೆಂಟು ಬಂದ ಕೂಡಲೇ ಅವಳು ಮತ್ತೆ ಮೊದಲಿನಿಂದ ಹಿಡಿದಳು. ಈ ಸಲ ನಾಲ್ಕು ಸಾಲಿಗೊಮ್ಮೆ ಫ್ಲಾಪಿಗೆ ಹಾಕುತ್ತಿದ್ದಳು. ಇಂಗಾಲದ ಗಾತ್ರ ಸೇರಿಸಿ, ಜಲಜನಕಕ್ಕೆ ಬರುವಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು.

ಸಮಿತಿಯವರು ಬರಿಗಾಲಲ್ಲಿ ಒಳಬಂದರು. ಹಿರಿಯರೊಬ್ಬರು ಮುಂದೆ ಕೂತರು. ಮುಕುಂದಯ್ಯನವರು ಕಾತರದಿಂದ, "ಮೊದ್ಲು ಉಪ್ಪು ತೋರ್ಸಿ," ಎಂದರು.

ಗುಂಡುಗಳು ಮೂಡಿದವು. ಒಂದು ಗೆರೆಯೂ ಬರಲಿಲ್ಲ. ಮುಕುಂದಯ್ಯನವರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು.

"ಇದು ಅರ್ಧ ಆಗಿದೆ ಸಾರ್," ಎಂದಳು ಗೌರಿ. "ನಿನ್ನೆ ಉಪ್ಪು ಸರಿ ಬಂತು, ವಜ್ರ ತಪ್ಪಾಯ್ತು. ಇವತ್ತು ಇಂಗಾಲ ಸರಿ ಮಾಡ್ದೆ. ಉಪ್ಪಿಗೆ ಬೇಕಾದ್ದು ಇನ್ನೂ ಹಾಕಿಲ್ಲ."

"ಹಾಗಾದ್ರೆ ಗ್ರಾಫೈಟ್ ಕಟ್ಟಿ ನೋಡೋಣ, ಅದೂ ಬರೀ ಇಂಗಾಲವೇ ಅಲ್ವಾ," ಎಂದರು ಹಿರಿಯರು.

ಅದನ್ನು ಅವಳು ಹಿಂದೆ ಎಂದೂ ಕಟ್ಟಿರಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ಒಂದೊಂದೇ ಪರಮಾಣುವನ್ನು ಕೂರಿಸಿದಳು. ನನ್ನ ಕಣ್ಣು ಸ್ಟೆಬಿಲೈಜರಿನ ಮುಳ್ಳಿನ ಮೇಲೆಯೇ ಇತ್ತು. ಅದು ಒಮ್ಮೆ ಕೆಳಗೆ ಜಾರಿ ಮತ್ತೆ ಮೇಲಕ್ಕೆ ಬಂತು. ಕೊನೆಯ ಪರಮಾಣು ಕೂತ ಮೇಲೆ ಗೆರೆಗಳು ಒಂದೊಂದಾಗಿ ಮೂಡಿದವು. ಆರು ಮೂಲೆಯ ಮನೆಗಳು ಜೇನುಹಟ್ಟಿಯ ಹಾಗೆ ಕೂಡಿಕೊಂಡವು. ಒಂದರ ಮೇಲೊಂದು ಎರಡು ಪದರು, ನಡುವೆ ಒಂದೂ ಗೆರೆಯಿಲ್ಲ.

ಹಿರಿಯರು ಕೀಲಿ ಒತ್ತಿ ಅದನ್ನು ತಾವೇ ತಿರುಗಿಸಿದರು. ಎದ್ದು ಹೋಗುವಾಗ, "ಉಪ್ಪನ್ನೂ ಮುಗಿಸಿ," ಎಂದಷ್ಟೇ ಹೇಳಿದರು.

ಕಂಪ್ಯೂಟರ್ ನಮ್ಮಲ್ಲೇ ಉಳಿಯಿತು. ಆದರೆ ಪರೀಕ್ಷೆಯ ಅಂಕಪಟ್ಟಿಯ ಕೆಲಸವನ್ನೂ ಅದಕ್ಕೇ ಹಚ್ಚಿದರು. ಗೌರಿಗೆ ಸಿಕ್ಕಿದ್ದು ಶನಿವಾರ ಮಧ್ಯಾಹ್ನ ಮಾತ್ರ. ಮುಕುಂದಯ್ಯನವರು ಆ ವರ್ಷ ಮುಗಿಯುವವರೆಗೂ ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ. ಅದು ಅವಳನ್ನು ನೋಯಿಸಿತು, ಹೇಳಿಕೊಳ್ಳಲಿಲ್ಲ ಅಷ್ಟೆ.

ಶನಿವಾರಗಳಲ್ಲಿ ಮಕ್ಕಳು ಸರದಿಯಂತೆ ಬಂದು ತಮಗೆ ತೋಚಿದ ರಚನೆ ಕಟ್ಟುತ್ತಿದ್ದರು. ಒಂದು ದಿನ ಮಂಡಗದ್ದೆಯ ಹೂವಮ್ಮ ಎಂಬ ಹುಡುಗಿ ಗ್ರಾಫೈಟನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, "ಮೇಡಂ, ಈ ಪದರು ಒಂದನ್ನೊಂದು ಹಿಡ್ಕಂಡೇ ಇಲ್ವಲ್ಲ. ಜಾರಿ ಹೋಗಲ್ವಾ?" ಎಂದು ಕೇಳಿದಳು.

"ಜಾರ್ತಾವೆ," ಎಂದಳು ಗೌರಿ. "ನಿನ್ನ ಪೆನ್ಸಿಲ್ ಕಡ್ಡೀಲಿರೋದು ಇದೇ. ಪದರು ಜಾರೋದಕ್ಕೇ ಅದು ಬರೆಯೋದು." ಆಮೇಲೆ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತಳು.