ಜಗಲಿಯಲ್ಲೇ ನಿಂತವನು

ವೇಣೂರಿನಿಂದ ಮೂಡಬಿದ್ರೆಗೆ ಹೋಗುವ ದಾರಿಯಲ್ಲಿ, ಹೊಳೆಯ ಕಿಂಡಿ ಅಣೆಕಟ್ಟಿಗೆ ಇಳಿಯುವ ಮಣ್ಣುರಸ್ತೆಯ ಪಕ್ಕದಲ್ಲಿ, ಅಪೊಲಿನ್ ಬಾಯಿಯವರ ಮನೆ. ಪೇಟೆಯಲ್ಲಿ ಅವರದೊಂದು ಹೊಲಿಗೆಯ ಕೋಣೆ ಇತ್ತು. ಸುತ್ತಲಿನ ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು ಮೊದಲ ಪರಮಪ್ರಸಾದಕ್ಕೆ ಹಾಕುವ ಬಿಳಿ ಫ್ರಾಕು ಅಲ್ಲಿಯೇ ಹೊಲಿಯಬೇಕು, ಇನ್ನೆಲ್ಲಿ ಹೊಲಿಸಿದರೂ ಅದು ಫ್ರಾಕೇ ಅಲ್ಲ ಎಂಬ ಮಾತಿತ್ತು. ಬಿಳಿ ಬಟ್ಟೆಯ ಮೇಲೆ ಒಂದು ಕಲೆ ಬೀಳಲು ಅಪೊಲಿನ್ ಬಾಯಿ ಎಂದೂ ಬಿಟ್ಟವರಲ್ಲ. ಕೈ ತೊಳೆಯದೆ ಮುಟ್ಟಿದರೆ ಅಮ್ಮಂದಿರಿಗೂ ಬೈಗುಳ ಸಿಗುತ್ತಿತ್ತು.

ಗಂಡ ತೀರಿಕೊಂಡಾಗ ಮಗ ಐವನ್ ಇನ್ನೂ ತೊದಲು ಮಾತಾಡುವ ಮಗು. ಆ ಮಗುವನ್ನು ಸಾಕಿದ್ದು ಹೊಲಿಗೆ ಮೆಷಿನ್ನು, ಕಾಪಾಡಿದ್ದು ಜಪಮಾಲೆ ಎಂದು ಬಾಯಿ ಹೇಳುತ್ತಿದ್ದರು. ಇಗರ್ಜಿಯಲ್ಲಿ ಮುಂದಿನ ಬೆಂಚಿನ ತುದಿ ಅವರದ್ದು. ಯಾರೂ ಬರೆದು ಕೊಟ್ಟದ್ದಲ್ಲ, ಆದರೂ ಆ ಜಾಗದಲ್ಲಿ ಬೇರೆಯವರು ಕೂರುತ್ತಿರಲಿಲ್ಲ. ಶುಕ್ರವಾರ ಒಪ್ಪೊತ್ತು, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮೀನೂ ಇಲ್ಲ ಮಾಂಸವೂ ಇಲ್ಲ, ವರ್ಷಕ್ಕೊಮ್ಮೆ ಅತ್ತೂರಿನ ಯಾತ್ರಾ ಇಗರ್ಜಿಗೆ ಕಾಲ್ನಡಿಗೆ. ವಾಡೆಯ, ಎಂದರೆ ಇಗರ್ಜಿಗೆ ಸೇರಿದ ಆ ಕೇರಿಯ, ಹೆಂಗಸರು ತಮಾಷೆಗೆ ಹೇಳುವುದಿತ್ತು, ನಮ್ಮ ಜಪ ಎಲ್ಲ ಲೈನ್ ಬಸ್ಸಿನಲ್ಲಿ ಹೋಗುವುದು, ಅಪೊಲಿನ್ ಬಾಯಿಯದು ಎಕ್ಸ್‌ಪ್ರೆಸ್, ಎಲ್ಲಿಯೂ ನಿಲ್ಲುವುದಿಲ್ಲ ಎಂದು. ಬಾಯಿ ಗದರುತ್ತಿದ್ದರು. ಆದರೆ ಒಳಗೊಳಗೆ ಆ ಮಾತು ಹಿತವಾಗಿಯೇ ಇತ್ತು.

ಐವನ್ ಬೆಳೆದು ಬೆಳ್ತಂಗಡಿ–ಮೂಡಬಿದ್ರೆ ಬಸ್ಸಿಗೆ ಕಂಡಕ್ಟರನಾದ. ಮುದುಕಿಯರ ಬುಟ್ಟಿಯನ್ನು ತಾನೇ ಇಳಿಸಿಕೊಡುವ, ಶಾಲೆಯ ಮಕ್ಕಳನ್ನು ಹೆಸರು ಹಿಡಿದು ಕರೆಯುವ ಕಂಡಕ್ಟರ. ಕುಡಿತ ಯಾವಾಗ ಹಿಡಿಯಿತೋ ತಾಯಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಕೆಲಸ ಹೋಗಿತ್ತು. ಆಮೇಲೆ ಅವನು ಹೊಳೆಯಾಚೆಯ ಹುಕ್ರಪ್ಪನ ಜೊತೆ ಸಿಕ್ಕಿದ ಕೂಲಿಗೆ ಹೋದ, ಹುಕ್ರಪ್ಪನ ಜೊತೆಯೇ ಕುಡಿದ. ಮಗನನ್ನು ಹಾಳು ಮಾಡಿದವನು ಅವನೇ ಎಂದು ಬಾಯಿ ಹುಕ್ರಪ್ಪನ ಮುಖ ನೋಡುವುದನ್ನೂ ಬಿಟ್ಟರು.

ಮಗನಿಗಾಗಿ ಅವರು ಮಾಡದ ಹರಕೆ ಇಲ್ಲ. ಕಾಫಿ ಬಿಟ್ಟರು, ಚಾಪೆಯ ಮೇಲೆ ಮಲಗಿದರು. ಸಂಜೆಯ ಜಪಮಾಲೆ, ಅವರ ಕೊಂಕಣಿಯಲ್ಲಿ ತೇರ್ಸ್, ಅದರ ಕೊನೆಗೆ ಐವನ್‌ನ ಹೆಸರು ಹೇಳಿ ಬೇರೆಯೇ ಪ್ರಾರ್ಥನೆ ಸೇರಿಸಿದರು. ಮನೆಗೊಂದು ಕಟ್ಟಳೆಯನ್ನೂ ಮಾಡಿದರು: ಕುಡಿದ ಬಾಯಲ್ಲಿ ದೇವರ ಪೀಠದ ಮುಂದೆ ಬರುವ ಹಾಗಿಲ್ಲ. ಕುಡಿದು ಬಂದ ದಿನ ಜಗಲಿಯ ಬೆಂಚೇ ಅವನ ಹಾಸಿಗೆ. ಅನ್ನ ಅಲ್ಲಿಗೇ ಬರುತ್ತಿತ್ತು. ಐವನ್ ಎದುರಾಡಿದವನಲ್ಲ. ತಾಯಿ ಹೇಳಿದ್ದು ಸರಿ ಎಂದೇ ಅವನೂ ನಂಬಿದ್ದ.

ತಪಸ್ಸುಕಾಲದ ಒಂದು ಶುಕ್ರವಾರ ಸಂಜೆ. ಬಾಯಿ ಪೀಠದ ದೀಪ ಹಚ್ಚಿ ಮೊಣಕಾಲೂರಿದ್ದರು, ತೇರ್ಸ್ ಅರ್ಧಕ್ಕೆ ಬಂದಿತ್ತು. ಆ ಕಡೆಯ ಕ್ರೈಸ್ತ ಮನೆಗಳಲ್ಲಿ ಒಂದು ವಾಡಿಕೆ ಉಂಟು. ತೇರ್ಸ್‌ನ ನಡುವೆ ಯಾರು ಬಂದರೂ ಮನೆಯವರು ಏಳುವುದಿಲ್ಲ, ಮಾತಾಡುವುದಿಲ್ಲ. ಬಂದವರೇ ಚಪ್ಪಲಿ ಬಿಟ್ಟು ಒಳಗೆ ಬಂದು ಮೊಣಕಾಲೂರಬೇಕು, ಕುಶಲ ಕೇಳುವುದೆಲ್ಲ ಮುಗಿದ ಮೇಲೆ. ಜಗಲಿಯಲ್ಲಿ ಹೆಜ್ಜೆಯ ಸದ್ದಾಯಿತು. ಬಾಯಿ ತಿರುಗಿ ನೋಡಲಿಲ್ಲ. ಐವನ್ ಎಂದು ಹೆಜ್ಜೆಯಲ್ಲೇ ತಿಳಿಯಿತು.

‘ಮಾಂಯ್,’ ಎಂದು ತಾಯಿಯನ್ನು ಕರೆದ ಅವನು ಮೆಲ್ಲಗೆ.

ಬಾಯಿ ಮಣಿ ಹಿಡಿಯದ ಕೈಯನ್ನು ಹಿಂದಕ್ಕೆ ಎತ್ತಿ ಅಂಗೈ ತೋರಿಸಿದರು. ತಡಿ ಎಂದು.

ಅವನು ನಿಂತ. ನಿಂತಿದ್ದಾನೆ ಎಂದು ಗೊತ್ತಾದಾಗ ಬಾಯಿಗೆ ಒಂದು ಯೋಚನೆ ಬಂತು. ಕೇಳಲಿ, ತಾಯಿ ಅವನಿಗಾಗಿ ಎಷ್ಟು ಬೇಡುತ್ತಾಳೆ ಎಂದು ಇವತ್ತಾದರೂ ಅವನ ಕಿವಿಗೆ ಬೀಳಲಿ. ದನಿ ಎತ್ತರಿಸಿದರು. ತೇರ್ಸ್ ಮುಗಿದರೂ ಏಳಲಿಲ್ಲ. ಸಂತರ ಉದ್ದನೆಯ ಸ್ತುತಿಮಾಲೆ ತೆಗೆದರು, ಆಮೇಲೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ, ಕೊನೆಗೆ ಐವನ್‌ನ ಹೆಸರು ಮತ್ತೆ ಮತ್ತೆ. ಅಷ್ಟು ಚೆಂದದ ಪ್ರಾರ್ಥನೆ ತನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ ಎಂದು ಅವರಿಗೇ ಅನಿಸಿತು. ಶಿಲುಬೆಯ ಗುರುತು ಮಾಡಿ, ಮಂಡಿ ಹಿಡಿದುಕೊಂಡು ಎದ್ದು ಹಿಂದೆ ತಿರುಗಿದರೆ ಜಗಲಿಯಲ್ಲಿ ಯಾರೂ ಇರಲಿಲ್ಲ.

ಅವನಿಗೆ ಅನ್ನ ಬಡಿಸಿ ಮುಚ್ಚಿಟ್ಟರು. ಮರುದಿನ ಬೆಳಿಗ್ಗೆ ಕಿಂಡಿ ಅಣೆಕಟ್ಟಿನ ಹತ್ತಿರ ಬಟ್ಟೆ ಒಗೆಯಲು ಹೋದವರು ಅವನನ್ನು ನೋಡಿದರು. ಬೇಸಿಗೆಯ ನೀರು ನಿಲ್ಲಿಸಲೆಂದು ಹಲಗೆ ಹಾಕಿದ್ದರು, ನೀರು ತುಂಬಿತ್ತು. ಆಚೆ ದಾಟುವಾಗ ಕಾಲು ಜಾರಿತು ಎಂದು ಪೊಲೀಸರೂ ಹೇಳಿದರು, ಊರವರೂ ಹೇಳಿದರು.

ಸಾವಿನ ಮನೆಗೆ ಬಂದವರು ಬಾಯಿಯ ಕೈ ಹಿಡಿದು ಒಂದೇ ಮಾತು ಹೇಳಿ ಹೋಗುತ್ತಿದ್ದರು. ನಿಮ್ಮಂಥ ತಾಯಿಯ ಪ್ರಾರ್ಥನೆ ಇರುವಾಗ ಅವನ ಆತ್ಮಕ್ಕೆ ಏನೂ ಆಗಲಿಕ್ಕಿಲ್ಲ. ಆ ಮಾತು ಕೇಳಿದಾಗಲೆಲ್ಲ ಬಾಯಿ ಕೈ ಬಿಡಿಸಿಕೊಂಡು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಎತ್ತಿದ ಆ ಅಂಗೈಯ ಸುದ್ದಿ ಅವರು ಯಾರಿಗೂ ಹೇಳಲಿಲ್ಲ.

ಹೇಳಿದ್ದು ಪಾಪನಿವೇದನೆಯಲ್ಲಿ, ಹೊಸದಾಗಿ ಬಂದಿದ್ದ ಎಳೆಯ ಪಾದ್ರಿಯ ಹತ್ತಿರ. ಎಲ್ಲವನ್ನೂ ಹೇಳಿದರು. ಪ್ರಾರ್ಥನೆಯನ್ನು ಬೇಕೆಂದೇ ಉದ್ದ ಮಾಡಿದ್ದನ್ನೂ, ಅದರಲ್ಲಿ ತನಗೆ ಸಿಕ್ಕಿದ ಸುಖವನ್ನೂ. ಜಾಲರಿಯ ಆಚೆಯಿಂದ ಪಾದ್ರಿ, ದೇವರು ಕ್ಷಮಿಸಿದ್ದಾರೆ, ಪ್ರಾಯಶ್ಚಿತ್ತಕ್ಕೆ ಒಂದು ನಮಾನ್ ಮರಿಯೆ ಹೇಳಿ ಎಂದರು. ಜಪಮಾಲೆಯ ಒಂದೊಂದು ಮಣಿಗೂ ಹೇಳುವ ಪುಟ್ಟ ಪ್ರಾರ್ಥನೆ ಅದು.

ಬಾಯಿ ಇನ್ನೂ ಏನೋ ಬರಬಹುದೆಂದು ಕಾದರು. ಬರಲಿಲ್ಲ.

‘ನನ್ನ ಮಗನ ಪ್ರಾಣಕ್ಕೆ ಒಂದು ನಮಾನ್ ಮರಿಯೆಯಾ ಫಾದರ್?’

‘ಬಾಯಿ, ಇದಕ್ಕೆ ಸಮನಾಗಿ ಕೊಡುವಂಥದ್ದು ನಿಮ್ಮ ಹತ್ತಿರ ಏನೂ ಇಲ್ಲ. ನನ್ನ ಹತ್ತಿರವೂ ಇಲ್ಲ. ಇದು ಸುಮ್ಮನೆ ತೆಗೆದುಕೊಳ್ಳುವಂಥದ್ದು.’

‘ಸುಮ್ಮನೆ ತೆಗೆದುಕೊಂಡು ನನಗೆ ಅಭ್ಯಾಸ ಇಲ್ಲ,’ ಎಂದು ಬಾಯಿ ಎದ್ದುಬಿಟ್ಟರು.

ಅವಮಾನವಾಗಿತ್ತು. ಪಾದ್ರಿ ಮಗನಿಗೆ ಕಟ್ಟಿದ ಬೆಲೆ ಇಷ್ಟೇ ಎಂದು ಅನಿಸಿತ್ತು. ಆ ಒಂದು ನಮಾನ್ ಮರಿಯೆಯನ್ನು ಅವರು ಹೇಳಲೇ ಇಲ್ಲ. ಹೇಳದೆ ಕ್ಷಮೆ ಪೂರ್ತಿಯಾಗುವುದಿಲ್ಲ ಎಂದು ಗೊತ್ತಿದ್ದೂ ಹೇಳಲಿಲ್ಲ. ಬದಲಿಗೆ ಶಿಕ್ಷೆಯನ್ನು ತಾವೇ ವಿಧಿಸಿಕೊಂಡರು. ಮೇ ತಿಂಗಳ ಬಿಸಿಲಲ್ಲಿ, ಡಾಮರು ಕರಗುವ ರಸ್ತೆಯಲ್ಲಿ, ಚಪ್ಪಲಿಯಿಲ್ಲದೆ ಅತ್ತೂರಿಗೆ ನಡೆದರು. ಅಂಗಾಲಿನ ಚರ್ಮ ಸುಲಿದು ಬಂತು. ಹಿಂದಿನ ವರ್ಷಗಳಲ್ಲಿ ಅಲ್ಲಿಯ ಇಗರ್ಜಿಯ ಮೆಟ್ಟಿಲು ಹತ್ತಿ ಇಳಿಯುವಾಗ ಎದೆ ಹಗುರಾಗುತ್ತಿತ್ತು. ಈ ಸಲ ಕಣ್ಣ ಮುಂದೆ ಮಗ ಜಗಲಿಯಲ್ಲಿ ನಿಂತ ಹಾಗೆಯೇ ನಿಂತಿದ್ದ. ಉಪವಾಸ ಹೆಚ್ಚಿಸಿದರು. ಅವನು ಕದಲಲಿಲ್ಲ.

ಇಗರ್ಜಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಮುಂದಿನ ಬೆಂಚು ಬಿಟ್ಟರು. ಬಾಗಿಲ ಬಳಿ, ಚಪ್ಪಲಿಗಳ ಹತ್ತಿರ ನಿಂತು ಪೂಜೆ ಕೇಳಿ, ಪರಮಪ್ರಸಾದದ ಹೊತ್ತಿಗೆ ಅದನ್ನು ತೆಗೆದುಕೊಳ್ಳದೆ ಹೊರಗೆ ಬಂದುಬಿಡುತ್ತಿದ್ದರು. ಹೆಂಗಸರು ಅದನ್ನೂ ವಿನಯ ಎಂದು ಹೊಗಳಿದರು. ತೇರ್ಸ್‌ಗೆ ಕುಳಿತರೆ ನಾಲಗೆ ಹೊರಳುತ್ತಿರಲಿಲ್ಲ. ಪೀಠದ ದೀಪ ಹಚ್ಚುವುದು ನಿಂತಿತು. ಯಾರಿಗೂ ಗೊತ್ತಿರಲಿಲ್ಲ, ಎಕ್ಸ್‌ಪ್ರೆಸ್ ದಾರಿಯಲ್ಲೇ ಕೆಟ್ಟು ನಿಂತಿದೆ ಎಂದು.

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬಂತು. ಮಾತೆ ಮರಿಯಮ್ಮನ ಹುಟ್ಟುಹಬ್ಬ, ಜೊತೆಗೆ ಹೊಸ ಬೆಳೆಯ ಹಬ್ಬ. ಆ ದಿನ ಪೂಜೆಯಾದ ಮೇಲೆ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೊಂದರಂತೆ ಹಂಚುತ್ತಾರೆ. ಅದರ ಕಾಳು ಸುಲಿದು, ಅರೆದು, ಬೆಲ್ಲ ಹಾಕಿದ ತೆಂಗಿನ ಹಾಲಿನಲ್ಲಿ ಬೆರೆಸಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ತಿನ್ನಬೇಕು. ಬಾಯಿ ತೆನೆ ತೆಗೆದುಕೊಳ್ಳದೆ ಗೇಟು ದಾಟುವುದರಲ್ಲಿದ್ದರು. ವಾಡೆಯ ಗುರ್ಕಾರ, ಎಂದರೆ ಮುಖಂಡ, ಸಿಪ್ರಿಯನ್ ತೆನೆಯ ಬುಟ್ಟಿ ಹಿಡಿದುಕೊಂಡು ಹಿಂದಿನಿಂದ ಬಂದರು.

‘ನನಗೆ ಬೇಡ ಸಿಪ್ರಿಯನ್. ತಿನ್ನುವ ಯೋಗ್ಯತೆ ನನಗಿಲ್ಲ.’

‘ಯೋಗ್ಯತೆ ನೋಡಿ ಕೊಡ್ಲಿಕ್ಕೆ ಇದೇನು ರೇಷನ್ ಕಾರ್ಡಾ ಬಾಯಿ? ಮನೆಗೊಂದು ಅಂತ ಉಂಟು. ನಿಮ್ಮದು ಮನೆ ಅಲ್ವಾ?’ ಎಂದು ಅವರು ತೆನೆಯನ್ನು ಬಾಯಿಯ ಚೀಲಕ್ಕೆ ತುರುಕಿ, ಮುಂದಿನವರ ಹತ್ತಿರ ಹೋಗಿಯೇ ಬಿಟ್ಟರು.

ಮನೆಗೆ ಬಂದು ತೆನೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಾಯಿ ಸುಮ್ಮನೆ ಕುಳಿತರು. ಒಟ್ಟಿಗೆ ತಿನ್ನಲು ಯಾರಿದ್ದಾರೆ? ಹಿತ್ತಿಲಲ್ಲಿ ಕೆಮ್ಮಿದ ಸದ್ದು ಕೇಳಿತು. ಹುಕ್ರಪ್ಪ ಕೆಸುವಿನ ದಂಟಿನ ಕಟ್ಟು ಹಿಡಿದು ನಿಂತಿದ್ದ. ಕೂದಲು ಪೂರಾ ಬಿಳಿಯಾಗಿತ್ತು. ಸಾವಿನ ಮನೆಗೂ ಅವನು ಬಂದಿರಲಿಲ್ಲ, ಬರುವ ಧೈರ್ಯವಾಗಿರಲಿಲ್ಲ. ಹಬ್ಬಕ್ಕೆ ಕೆಸು ತಂದುಕೊಡು ಎಂದು ಐವನ್ ಹೇಳುವುದಿತ್ತು, ಹಾಗಾಗಿ ತಂದಿದ್ದೇನೆ ಎಂದ. ಕಟ್ಟನ್ನು ನೆಲದ ಮೇಲಿಟ್ಟು ಹೋಗಲು ತಿರುಗಿದ.

ಬಾಯಿಗೆ ಅವನನ್ನು ಬೈಯಬೇಕೆಂದಿತ್ತು. ಹೊರಗೆ ಬಂದದ್ದು ಬೇರೆಯೇ ಮಾತು.

‘ಆ ದಿನ ಅವನು ಇಲ್ಲಿಗೆ ಬಂದಿದ್ದ ಹುಕ್ರಪ್ಪ. ನಾನು ಏಳಲಿಲ್ಲ.’

‘ಗೊತ್ತುಂಟು ಬಾಯಮ್ಮ.’

ಇಲ್ಲಿಂದ ಹೋದವನು ರಸ್ತೆಯ ಗೂಡಂಗಡಿಯಲ್ಲಿ ತನ್ನ ಜೊತೆ ಕುಳಿತಿದ್ದ ಎಂದು ಹುಕ್ರಪ್ಪ ನೆಲ ನೋಡುತ್ತ ಹೇಳಿದ. ಈ ರಾತ್ರಿ ನನ್ನ ಗುಡಿಸಲಲ್ಲೇ ಮಲಗು ಎಂದು ಅವನನ್ನು ಮುಂದೆ ಕಳಿಸಿದ್ದು ತಾನೇ. ಒಣಮೀನು ತೆಗೆದುಕೊಂಡು ಹಿಂದಿನಿಂದ ಹೋದರೆ ಅಲ್ಲಿ ಅವನಿಲ್ಲ. ಮನಸ್ಸು ಬದಲಾಗಿ ತಾಯಿಯ ಹತ್ತಿರ ಹೋಗಿರಬೇಕು ಎಂದುಕೊಂಡು ತಾನು ಮಲಗಿಬಿಟ್ಟೆ ಎಂದ.

‘ನನ್ನ ಮೇಲೆ ಸಿಟ್ಟಾಗಿದ್ದನಾ?’

‘ಇಲ್ಲ ಬಾಯಮ್ಮ. ಮಾಂಯ್ ನನ್ನ ಹೆಸರು ಹೇಳಿ ಬೇಡ್ತಾ ಇದ್ರು ಮಾರಾಯ, ಎಂದ. ಒಳಗೆ ಹೋಗಿ ಹತ್ತಿರ ಕೂರುವ ಅಂತ ಕಂಡಿತಂತೆ. ಕುಡಿದ ವಾಸನೆ ಉಂಟಲ್ಲ, ಹಾಗೆ ಹೋಗಲಿಲ್ಲ. ನಾಳೆ ಒಂದು ತೊಟ್ಟೂ ಕುಡಿಯದೆ, ಮಿಂದು, ಒಳ್ಳೆ ಅಂಗಿ ಹಾಕಿ ಹೋಗ್ತೇನೆ ಎಂದ.’

ಇಷ್ಟು ತಿಂಗಳು ಬಾಯಿ ತಾವು ಏಳದೇ ಇದ್ದದ್ದೇ ತಪ್ಪು ಎಂದುಕೊಂಡಿದ್ದರು. ತಾವು ಎದ್ದಿದ್ದರೂ ಅವನು ಒಳಗೆ ಬರುತ್ತಿರಲಿಲ್ಲ. ಮೊದಲು ಚೊಕ್ಕವಾಗು, ಆಮೇಲೆ ದೇವರ ಹತ್ತಿರ ಬಾ ಎಂದು ಬೆಳೆಸಿದವರು ಅವರೇ. ಅದನ್ನು ಅವನು ಚಾಚೂ ತಪ್ಪದೆ ಕಲಿತಿದ್ದ, ಕಲಿತು ನಾಳೆಗೆ ಕಾದಿದ್ದ. ಚಪ್ಪಲಿಗಳ ಹತ್ತಿರ ನಿಂತು ತಾವು ಕಾಯುತ್ತಿರುವುದೂ ಅಂಥದೇ ಒಂದು ನಾಳೆಗೆ. ಜೋರಾಗಿ ಅತ್ತರು. ಸಾವಿನ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಹುಕ್ರಪ್ಪ ಏನು ಮಾಡಬೇಕೆಂದು ತಿಳಿಯದೆ ತಲೆಯ ಮೇಲಿನ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ, ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಎಷ್ಟೋ ಹೊತ್ತಿನ ಮೇಲೆ ಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

‘ಒಳಗೆ ಬಾ ಹುಕ್ರಪ್ಪ.’

‘ಬೇಡ ಬಾಯಮ್ಮ. ಬೆಳಿಗ್ಗೆಯೇ ಸ್ವಲ್ಪ ಹಾಕಿದ್ದೇನೆ. ನಿಮ್ಮ ಹಬ್ಬದ ದಿನ.’

‘ಗೊತ್ತಾಗ್ತದೆ, ಇಲ್ಲಿಯವರೆಗೆ ಬರ್ತದೆ ನಾತ. ಬಾ.’

ಅವನು ಕಾಲು ತೊಳೆದು, ಮೈಯನ್ನೆಲ್ಲ ಕುಗ್ಗಿಸಿಕೊಂಡು ಒಳಗೆ ಬಂದು ಗೋಡೆಗೆ ಒರಗಿ ಕುಳಿತ. ಬಾಯಿ ತೆನೆಯ ಕಾಳನ್ನು ಉಗುರಿನಿಂದ ಸುಲಿದರು, ಕಲ್ಲಿನಲ್ಲಿ ಅರೆದರು, ತೆಂಗಿನ ಹಾಲು ಹಿಂಡಿ ಬೆಲ್ಲ ಕರಗಿಸಿದರು. ಕಣ್ಣೀರು ನಿಂತಿರಲಿಲ್ಲ, ಒರೆಸಿಕೊಳ್ಳಲೂ ಹೋಗಲಿಲ್ಲ. ಎರಡು ಬಟ್ಟಲಿಗೆ ಹೊಯ್ದು ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ಹಿಡಿದು ಎದುರಿಗೆ ಕುಳಿತರು.

ಹುಕ್ರಪ್ಪ ಬಟ್ಟಲು ಮುಟ್ಟಲಿಲ್ಲ. ‘ಇದಕ್ಕೆ ಮೊದಲು ಏನಾದರೂ ಹೇಳ್ಲಿಕ್ಕುಂಟಾ ಬಾಯಮ್ಮ?’

‘ಉಂಟು. ನನಗೆ ಈಗ ಬರುವುದಿಲ್ಲ.’

‘ಮತ್ತೆ?’

‘ಹಾಗೇ ತಿನ್ನು.’

ಅವನು ತಲೆ ತಗ್ಗಿಸಿ ತಿಂದ. ಬಾಯಿಯೂ ಒಂದು ಚಮಚ ಬಾಯಿಗಿಟ್ಟರು. ಹೊಸ ಅಕ್ಕಿಯ ಹಸಿ ವಾಸನೆ, ಬೆಲ್ಲದ ಸಿಹಿ, ಅದರ ಮೇಲೆ ಕಣ್ಣೀರಿನ ಉಪ್ಪು. ಹೊರಗೆ ಮೂಡಬಿದ್ರೆಯ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಅದರ ಸದ್ದು ಪೂರಾ ಅಡಗುವವರೆಗೂ ಅವರು ಅದನ್ನು ಬಾಯಲ್ಲೇ ಇಟ್ಟುಕೊಂಡು ಕುಳಿತಿದ್ದರು. ಆಮೇಲೆ ನುಂಗಿದರು.